ಸಿಕ್ಕಿಕೊಂಡದ್ದು ಎಲ್ಲಿ

ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಯಾರಿಗೂ ಬೇಡವಾದ ಒಂದು ಕೋಣೆಯಿತ್ತು. ಮೆಟ್ಟಿಲ ಕೆಳಗಿನ ಕೋಣೆ. ಚಾವಣಿ ಒಂದು ಕಡೆಗೆ ಇಳಿಜಾರು, ಎತ್ತರದ ಹುಡುಗರು ಬಾಗಿಲ ಪಕ್ಕದಲ್ಲೇ ಕೂರಬೇಕು. ಮೇಲೆ ಯಾರಾದರೂ ಮೆಟ್ಟಿಲಿಳಿದರೆ ಒಳಗಿದ್ದವರ ತಲೆಯ ಮೇಲೇ ನಡೆದಂತೆ ಧಡಧಡ. ಹತ್ತೊಂಬತ್ತು ವರ್ಷಗಳ ಹಿಂದೆ ಆಗಿನ ಮುಖ್ಯಸ್ಥರು ಅದರ ಬೀಗದಕೈಯನ್ನು ಲೆಕ್ಕದಕ್ಕನ ಅಂಗೈಯಲ್ಲಿಟ್ಟು, "ಹೊಸದಾಗಿ ಸೇರಿದ ಮಕ್ಕಳು ಮೊದಲ ವರ್ಷವೇ ಕಣ್ಣೀರು ಹಾಕ್ಕೊಂಡು ಬಿಟ್ಟು ಹೋಗ್ತಿದ್ದಾರೆ. ಸದ್ಯಕ್ಕೆ ನೀವು ಸ್ವಲ್ಪ ನೋಡ್ಕೊಳ್ಳಿ," ಅಂದಿದ್ದರು.

ಸದ್ಯಕ್ಕೆ, ಸ್ವಲ್ಪ, ನೋಡ್ಕೊಳ್ಳಿ. ಈ ಮೂರು ಮಾತು ಒಟ್ಟಿಗೆ ಬಂದರೆ ಹೆಂಗಸು ಅಲ್ಲಿಂದ ಎದ್ದು ಓಡಬೇಕು. ಲೆಕ್ಕದಕ್ಕ ಓಡಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ "ಅಮ್ಮನಿಗೆ ಮಂಡಿನೋವು, ಸದ್ಯಕ್ಕೆ ಅಡುಗೆಮನೆ ಸ್ವಲ್ಪ ನೀನೇ ನೋಡ್ಕೊ" ಅಂದಾಗಲೂ ಓಡಿರಲಿಲ್ಲ. ಅತ್ತೆಯ ಮಂಡಿ ಯಾವತ್ತೋ ವಾಸಿಯಾಯಿತು. ಈಗ ಅವರು ದಿನಾ ಬೆಳಿಗ್ಗೆ ಪಾರ್ಕಿಗೆ ಮೂರು ಸುತ್ತು ಹಾಕಿ ಬರುತ್ತಾರೆ. ಅಡುಗೆಮನೆ ಮಾತ್ರ ಸದ್ಯಕ್ಕೆ ಇವಳದೇ.

ಅವಳು ವಿಭಾಗದಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಲೆಕ್ಕದಕ್ಕ ಎಂಬುದು ಮಕ್ಕಳು ಇಟ್ಟ ಹೆಸರು. ಪಾಠದ ಹೊತ್ತು ಮುಗಿದ ಮೇಲೆ ದಿನಾ ಎರಡು ಗಂಟೆ ಮೆಟ್ಟಿಲ ಕೆಳಗೆ. ಆ ಎರಡು ಗಂಟೆ ಯಾವ ವೇಳಾಪಟ್ಟಿಯಲ್ಲೂ ಇರಲಿಲ್ಲ. ಪಾತ್ರೆ ತೊಳೆಯುವುದನ್ನು ಯಾರಾದರೂ ವೇಳಾಪಟ್ಟಿಗೆ ಬರೆಯುತ್ತಾರೆಯೇ?

ಕೋಣೆಗೆ ಎರಡೇ ನಿಯಮ. ಒಂದು, ಸೀಮೆಸುಣ್ಣ ಯಾವಾಗಲೂ ಬಂದವರ ಕೈಯಲ್ಲಿರಬೇಕು. ಲೆಕ್ಕದಕ್ಕ ಹಲಗೆ ಮುಟ್ಟುವಂತಿಲ್ಲ. ಎರಡು, ಪಕ್ಕದ ಮೇಜಿನ ಮೇಲಿರುವ ಸಣ್ಣ ಚೀಟಿಯಲ್ಲಿ 'ಸಿಕ್ಕಿಕೊಂಡದ್ದು ಎಲ್ಲಿ' ಎಂಬುದಕ್ಕೆ ಒಂದೇ ವಾಕ್ಯದಲ್ಲಿ ಉತ್ತರ ಬರೆಯಬೇಕು. ಹೆಸರು ಬೇಡ. ಬರೆದ ಚೀಟಿಗಳೆಲ್ಲ ಹಳೆಯ ಬಿಸ್ಕತ್ತಿನ ಡಬ್ಬಿಗೆ ಬೀಳುತ್ತಿದ್ದವು. ವರ್ಷಕ್ಕೊಮ್ಮೆ ಅವಳು ಡಬ್ಬಿ ಸುರಿದು, ಮಕ್ಕಳು ಎಲ್ಲೆಲ್ಲಿ ಮುಗ್ಗರಿಸಿದ್ದಾರೆ ಎಂದು ವಿಂಗಡಿಸಿ, ಮರುವರ್ಷ ಪ್ರಶ್ನೆಗಳನ್ನು ಹಾಗೆಯೇ ಜೋಡಿಸುತ್ತಿದ್ದಳು. ಅತಿ ಹೆಚ್ಚು ಮಕ್ಕಳು ಬೀಳುವ ಹಳ್ಳ ಒಂದೇ: ಯಾವುದನ್ನು ಸಾಧಿಸಬೇಕೋ ಅದನ್ನೇ ಮೊದಲ ಸಾಲಿನಲ್ಲಿ ನಿಜವೆಂದು ಬರೆದುಕೊಂಡು ಹೊರಡುವುದು. ಕೊನೆಗೆ ಎಲ್ಲಿಗೋ ತಲುಪಿ 'ಸಾಧಿಸಿದೆ' ಎಂದು ಗೆರೆ ಎಳೆಯುವುದು. ಅಂಥ ಪುಸ್ತಕಗಳ ಅಂಚಿನಲ್ಲಿ ಅವಳು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದದ್ದು ಇಷ್ಟು: 'ಮೊದಲ ಸಾಲು ನೋಡು.'

ಮೇಲಿನ ಮಹಡಿಯ ಪ್ರಾಧ್ಯಾಪಕರು ಇದನ್ನೆಲ್ಲ ಗಣಿತವೆಂದು ಒಪ್ಪುತ್ತಿರಲಿಲ್ಲ. ಯಾವ ಹುಡುಗಿಯ ಕಣ್ಣು ತುಂಬಿದರೂ, ಯಾವ ಹುಡುಗ ಪುಸ್ತಕ ಮುಚ್ಚಿದರೂ, "ಕೆಳಗೆ ಹೋಗಮ್ಮ, ಅಲ್ಲೊಬ್ಬರು ತಾಯಿ ಇದ್ದಾರೆ," ಎಂದು ಅಟ್ಟುತ್ತಿದ್ದರು. ತಾಯಿಯಂತೆ ತಾಯಿ! ತಾಯಿ ಅಂದರೆ ಸಂಬಳ ಕೊಡಬೇಕಿಲ್ಲವಲ್ಲ.

ಈ ವರ್ಷ ಮಾತ್ರ ಗಾಳಿ ತಿರುಗಿತು. ಮೆಟ್ಟಿಲ ಕೆಳಗೆ ಬಂದುಹೋದ ಮಕ್ಕಳಲ್ಲಿ ಓದು ಬಿಡುವವರು ತೀರಾ ಕಡಿಮೆ ಎಂಬುದು ಮೇಲಿನವರ ಕಿವಿಗೆ ಹೇಗೋ ಬಿತ್ತು. 'ಹೊಸ ವಿದ್ಯಾರ್ಥಿಗಳ ಗಣಿತ ನೆರವು ಕೇಂದ್ರ' ಎಂಬ ದೊಡ್ಡ ಹೆಸರು ಹುಟ್ಟಿತು, ಎರಡನೆಯ ಮಹಡಿಯಲ್ಲಿ ಕಿಟಕಿಯಿರುವ ಕೋಣೆ ಸಿಕ್ಕಿತು, ಜೊತೆಗೆ ಒಂದು ಕಾಯಂ ನಿರ್ದೇಶಕ ಹುದ್ದೆ. ಲೆಕ್ಕದಕ್ಕ ಅರ್ಜಿ ಹಾಕಿದಳು. ವಯಸ್ಸು ನಲವತ್ತೇಳು. ಕಾಯಂ ಆಗುವುದಿದ್ದರೆ ಇದೇ, ಇನ್ನೊಂದು ಬಸ್ಸು ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಅವಳ ಎದೆಗೂ ಗೊತ್ತಿತ್ತು.

ಇನ್ನೊಂದು ಅರ್ಜಿ ಈಗಿನ ಮುಖ್ಯಸ್ಥರ ಶಿಷ್ಯನದು. ಬೆಳ್ಳಿ ಚೌಕಟ್ಟಿನ ಕನ್ನಡಕದಿಂದಾಗಿ ಎಲ್ಲರೂ ಅವನನ್ನು ಕನ್ನಡಕ ಅನ್ನುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಅವನೂ ಮೆಟ್ಟಿಲ ಕೆಳಗೆ ಮೂಗು ಒರೆಸಿಕೊಂಡು ಕೂತವನೇ.

ಸಂದರ್ಶನದ ಬೆಳಿಗ್ಗೆ ಅವಳು ಕನ್ನಡಿ ಮುಂದೆ ಕೂದಲು ಬಾಚುತ್ತಿದ್ದಾಗ ಅಡುಗೆಮನೆಯಿಂದ ಗಂಡನ ಕೂಗು.

"ಏ, ಸಕ್ಕರೆ ಎಲ್ಲಿದೆ?"

"ಯಾವತ್ತೂ ಇರೋ ಕಡೆ!"

"ಯಾವತ್ತೂ ಇರೋ ಕಡೆ ಅಂದ್ರೆ ಎಲ್ಲಿ? ಹತ್ತು ಡಬ್ಬಿ ಇದೆ ಇಲ್ಲಿ."

ಬಾಚಣಿಗೆ ಕೂದಲಲ್ಲೇ ಸಿಕ್ಕಿಸಿಕೊಂಡು ಓಡಿದಳು, ಡಬ್ಬಿ ತೆಗೆದಳು, ಚಮಚ ಹಾಕಿದಳು, ಕಲಕಿಯೂ ಕೊಟ್ಟಳು. ಗಂಡ ಕೆಟ್ಟವನಲ್ಲ. ಚಹಾ ಹೀರಿ, "ಇವತ್ತು ಚೆನ್ನಾಗಿ ಮಾಡು, ಟೆನ್ಷನ್ ಮಾಡ್ಕೋಬೇಡ," ಎಂದ. ಬಾಚಣಿಗೆ ಇನ್ನೂ ಅವಳ ತಲೆಯಲ್ಲೇ ಇತ್ತು.

ಸಂದರ್ಶನದಲ್ಲಿ ಪ್ರಾತ್ಯಕ್ಷಿಕೆಯೂ ಇತ್ತು. ಮೊದಲ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಕರೆಸಿ, ಇಪ್ಪತ್ತು ನಿಮಿಷದಲ್ಲಿ ಒಂದು ಪ್ರಮೇಯ ಅರ್ಥ ಮಾಡಿಸಬೇಕು. ಎದುರಿಗೆ ಮೂವರು: ಮುಖ್ಯಸ್ಥರು, ಡೀನ್, ಬೇರೆ ಊರಿನಿಂದ ಬಂದ ಒಬ್ಬ ಹಿರಿಯ ಪ್ರಾಧ್ಯಾಪಕರು. ಮೊದಲು ಹೋದ ಕನ್ನಡಕ ಹನ್ನೊಂದೇ ನಿಮಿಷದಲ್ಲಿ ಹಲಗೆ ತುಂಬ ಮುತ್ತಿನಂತೆ ಬರೆದು ಮುಗಿಸಿದನಂತೆ. ಎದುರು ಕೂತ ಹುಡುಗ ತಲೆಯಾಡಿಸಿದನಂತೆ. ಅರ್ಥವಾಗದವರೂ ತಲೆಯಾಡಿಸುತ್ತಾರೆ ಎಂಬುದನ್ನು ತಿಳಿಯಲು ಹತ್ತೊಂಬತ್ತು ವರ್ಷ ಮೆಟ್ಟಿಲ ಕೆಳಗೆ ಕೂರಬೇಕು.

ಲೆಕ್ಕದಕ್ಕನ ಪಾಲಿಗೆ ಬಂದವಳು ಸಣ್ಣ ದನಿಯ, ಸಣ್ಣ ದೇಹದ ಹುಡುಗಿ. ಮೆಟ್ಟಿಲ ಕೆಳಗೆ ಬರುತ್ತಿದ್ದವಳೇ; ಗೆಳತಿಯರು ಗುಬ್ಬಿ ಅನ್ನುತ್ತಿದ್ದರು. ಪ್ರಶ್ನೆ ಸರಳವೇ: ಯಾವುದೇ ಎರಡು ಸಂಖ್ಯೆ ತೆಗೆದುಕೊಂಡರೂ ಅವುಗಳ ವರ್ಗಗಳ ಮೊತ್ತ, ಅವುಗಳ ಗುಣಲಬ್ಧದ ಎರಡರಷ್ಟಕ್ಕಿಂತ ಎಂದೂ ಕಡಿಮೆಯಾಗದು. ಸಾಧಿಸಿ.

ಲೆಕ್ಕದಕ್ಕ ಸೀಮೆಸುಣ್ಣವನ್ನು ಗುಬ್ಬಿಯ ಕೈಗಿತ್ತು ಪಕ್ಕದ ಕುರ್ಚಿಯಲ್ಲಿ ಕೂತಳು.

ಗುಬ್ಬಿ ಒಂದು ಸಾಲು ಬರೆದಳು, ಒರೆಸಿದಳು. ಮತ್ತೆ ಬರೆದಳು. ಮತ್ತೆ ಒರೆಸಿದಳು.

"ಏನನ್ನಿಸ್ತು? ಯಾಕೆ ಒರೆಸಿದೆ?"

"ಅದು... ಅದೇ ಬೇಕಾಗಿರೋದು ಅಲ್ವಾ ಅಕ್ಕಾ? ಅದನ್ನೇ ಹೇಗೆ ಬರೆಯೋದು?"

"ಹೂಂ. ಯೋಚನೆ ಮಾಡು. ಅವಸರ ಇಲ್ಲ."

ಆರು ನಿಮಿಷ. ಡೀನ್ ಗಡಿಯಾರ ನೋಡಿದರು. ಎಂಟು ನಿಮಿಷ. ಹುಡುಗಿಯ ಕಿವಿ ಕೆಂಪಾಗಿತ್ತು, ಆದರೆ ಕಣ್ಣು ಹಲಗೆ ಬಿಟ್ಟಿರಲಿಲ್ಲ. ಆ ನೋಟ ಲೆಕ್ಕದಕ್ಕನಿಗೆ ಗೊತ್ತು. ಹಾಲು ಉಕ್ಕುವುದಕ್ಕೆ ಮುಂಚೆ ಒಂದು ಕ್ಷಣ ಮೇಲ್ಮೈ ಅಲುಗದೆ ನಿಲ್ಲುತ್ತದಲ್ಲ, ಹಾಗೆ. ಆಗ ಕೈ ಹಾಕಬಾರದು.

ಮುಖ್ಯಸ್ಥರು ಕೈ ಹಾಕಿದರು.

"ಮೇಡಂ, ನೀವು ಏನೂ ಹೇಳ್ತಾನೇ ಇಲ್ವಲ್ಲ! ಪಾಪ, ಮಗು ಒದ್ದಾಡ್ತಿದೆ. ಕೊಡಮ್ಮ ಇಲ್ಲಿ." ಗುಬ್ಬಿಯ ಬೆರಳಿನಿಂದ ಸೀಮೆಸುಣ್ಣ ಕಸಿದುಕೊಂಡು ಸರಸರನೆ ಬರೆದರು. ವರ್ಗಗಳ ಮೊತ್ತ ಗುಣಲಬ್ಧದ ಎರಡರಷ್ಟಕ್ಕಿಂತ ಕಡಿಮೆಯಿಲ್ಲ, ಆದ್ದರಿಂದ ಎರಡರಷ್ಟನ್ನು ಈಚೆ ತಂದರೆ ಸೊನ್ನೆಗಿಂತ ಕಡಿಮೆಯಿಲ್ಲ, ಆದ್ದರಿಂದ ಎರಡು ಸಂಖ್ಯೆಗಳ ವ್ಯತ್ಯಾಸದ ವರ್ಗ ಸೊನ್ನೆಗಿಂತ ಕಡಿಮೆಯಿಲ್ಲ. "ಇದು ಎಲ್ಲರಿಗೂ ಗೊತ್ತಿರೋ ಸತ್ಯ. ಮುಗೀತು! ಎರಡು ನಿಮಿಷದ ಕೆಲಸ." ಕೆಳಗೆ ಗೆರೆ ಎಳೆದರು.

ಗುಬ್ಬಿ ಹಲಗೆ ನೋಡಿದಳು, ಲೆಕ್ಕದಕ್ಕನನ್ನು ನೋಡಿದಳು, ಆಮೇಲೆ ಅದೇ ಸಣ್ಣ ದನಿಯಲ್ಲಿ, "ಸರ್, ಮೊದಲ ಸಾಲು..." ಎಂದಳು.

"ಏನಮ್ಮ?"

"ಸಾಧಿಸಬೇಕಾದ್ದನ್ನೇ ಮೊದಲ ಸಾಲಲ್ಲಿ ಬರೆದಿದ್ದೀರಿ ಸರ್. ನಾನು ಅದಕ್ಕೇ ಒರೆಸಿದ್ದು."

ಬೇರೆ ಊರಿನ ಹಿರಿಯರಿಗೆ ಕೆಮ್ಮು ಬಂತು. ಮುಖ್ಯಸ್ಥರು, "ಅದು ಕೆಳಗಿನಿಂದ ಮೇಲಕ್ಕೆ ಓದ್ಕೊಂಡರೆ ಸರಿಹೋಗತ್ತೆ," ಎಂದು ಸೀಮೆಸುಣ್ಣ ಬಿಸುಟರು. ಗುಬ್ಬಿ ಅದನ್ನೆತ್ತಿಕೊಂಡು ಹಾಗೆಯೇ ಮಾಡಿದಳು. ಯಾವ ಸಂಖ್ಯೆಯ ವರ್ಗವೂ ಸೊನ್ನೆಗಿಂತ ಕಡಿಮೆಯಿಲ್ಲ ಎಂಬಲ್ಲಿಂದ ಹೊರಟು, ಒಂದೊಂದೇ ಮೆಟ್ಟಿಲು ಹತ್ತಿ, ಬೇಕಾದ ಸಾಲನ್ನು ಕೊನೆಯಲ್ಲಿ ಬರೆದು ನಿಂತಳು. ಲೆಕ್ಕದಕ್ಕ ಬಾಯಿ ಬಿಟ್ಟಿದ್ದು ಎರಡೇ ಸಲ. ಅವಳ ಹತ್ತೊಂಬತ್ತು ವರ್ಷದ ಕೆಲಸ ಅಲ್ಲಿ ಹಲಗೆಯ ಮುಂದೆ ತನ್ನ ಕಾಲ ಮೇಲೆ ತಾನೇ ನಿಂತಿತ್ತು.

ಡೀನ್ ಹಾಳೆಯಲ್ಲಿ ಏನೋ ಬರೆದುಕೊಂಡರು. ಬರೆದದ್ದೇನೆಂದು ಸಂಜೆ ತಿಳಿಯಿತು: 'ಅಭ್ಯರ್ಥಿ ಮಾತನಾಡಲಿಲ್ಲ. ಸಮಯಪಾಲನೆ ಇಲ್ಲ.'

ಸಂಜೆ ತಿಳಿದದ್ದು ಅದೊಂದೇ ಅಲ್ಲ. ವಿಭಾಗದ ಕಸ ಗುಡಿಸುವ ಆಯಾ ಅವಳ ತೋಳು ಹಿಡಿದು ಉಗ್ರಾಣಕ್ಕೆ ಎಳೆದುಕೊಂಡು ಹೋದಳು. ಹಳೆಯ ಬೆಂಚುಗಳ ಹಿಂದೆ, ಸುದ್ದಿಪತ್ರಿಕೆ ಸುತ್ತಿ ಒರಗಿಸಿಟ್ಟ ಹೊಸ ನಾಮಫಲಕ. ಹಿತ್ತಾಳೆ ಅಕ್ಷರಗಳಲ್ಲಿ ಕನ್ನಡಕನ ಹೆಸರು, ಕೆಳಗೆ 'ನಿರ್ದೇಶಕರು'.

"ಹೋದ ಸೋಮವಾರವೇ ಬಂತಮ್ಮ ಇದು," ಎಂದಳು ಆಯಾ. "ಇವತ್ತು ನಿಮ್ಮನ್ನ ಒಳಗೆ ಕರೆದಾಗ ನನ್ನ ಹೊಟ್ಟೆ ಉರಿದುಹೋಯ್ತು. ಊಟ ಮಾಡಿ ಕೈ ತೊಳ್ಕೊಂಡ ಮೇಲೆ ಒಲೆ ಹಚ್ಚು ಅಂದ ಹಾಗಾಯ್ತು."

ಹೋದ ಸೋಮವಾರ. ಸಂದರ್ಶನಕ್ಕೆ ಎಂಟು ದಿನ ಮೊದಲು. ಲೆಕ್ಕದಕ್ಕನಿಗೆ ಮೊದಲು ನಗು ಬಂತು. ಆಮೇಲೆ ಕಿವಿಯಿಂದ ಅಂಗಾಲಿನವರೆಗೆ ಬೆಂಕಿ ಇಳಿಯಿತು. ಕೆಸರು ಇವಳ ಕೈಗೆ, ಮೊಸರು ಇನ್ನೊಬ್ಬನ ಬಾಯಿಗೆ. ಅದಕ್ಕೂ ಒಂದು ಸಂದರ್ಶನದ ನಾಟಕ!

ಮುಖ್ಯಸ್ಥರ ಕೋಣೆಯಲ್ಲಿ ಕನ್ನಡಕ ಕೂತಿದ್ದ. ಇವಳನ್ನು ನೋಡಿ ಅರ್ಧ ಎದ್ದ.

"ಬನ್ನಿ ಮೇಡಂ, ನಿಮ್ಮನ್ನೇ ಕರೆಯೋಣ ಅಂತಿದ್ದೆ," ಎಂದರು ಮುಖ್ಯಸ್ಥರು. "ಬೇಜಾರು ಮಾಡ್ಕೋಬೇಡಿ. ನಿಮ್ಮ ಅನುಭವ ದೊಡ್ಡದು. ಇವರಿಗೆ ಸಂಶೋಧನೆ ಇದೆ, ಕೇಂದ್ರಕ್ಕೆ ಒಂದು ತೂಕ ಬರತ್ತೆ. ನೀವು ಜೊತೆಗಿದ್ದು ಸದ್ಯಕ್ಕೆ ಸ್ವಲ್ಪ ನೋಡ್ಕೊಳ್ಳಿ."

ಮತ್ತೆ ಅದೇ ಮೂರು ಮಾತು.

"ಆ ಚೀಟಿ ಡಬ್ಬಿ ಇದೆಯಲ್ಲ ಮೇಡಂ," ಎಂದ ಕನ್ನಡಕ, ಕಣ್ಣು ಮೇಜಿನ ಮೇಲಿಟ್ಟು. "ಅದನ್ನ ನನಗೆ ಕೊಟ್ಟರೆ ಒಂದು ಒಳ್ಳೆ ಲೇಖನ ಬರೀಬಹುದು."

"ಅದರಲ್ಲಿ ನಿನ್ನ ಅಕ್ಷರವೂ ಇದೆಯಪ್ಪ," ಎಂದಳು ಲೆಕ್ಕದಕ್ಕ. "ಯಾವುದು ಅಂತ ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ. ಅದಕ್ಕೇ ಡಬ್ಬಿ ಕೊಡಲ್ಲ. ಹೆಸರು ಬೇಡ ಅಂತ ನಂಬಿಸಿ ಬರೆಸಿದ್ದು, ನಿನ್ನ ಲೇಖನಕ್ಕಲ್ಲ."

ಅವನ ಮುಖ ಸಪ್ಪಗಾಯಿತು. ಅವಳು ಮೇಜಿನಿಂದ ಒಂದು ಬಿಳಿ ಚೀಟಿ ಎಳೆದುಕೊಂಡು, ಚೀಲದಿಂದ ಕೆಂಪು ಪೆನ್ನು ತೆಗೆದು, ನಿಂತಲ್ಲೇ ಬರೆದಳು. 'ಸಿಕ್ಕಿಕೊಂಡದ್ದು ಎಲ್ಲಿ: ಮೊದಲ ಸಾಲಿನಲ್ಲಿ. ಸಾಧಿಸಬೇಕಾದ್ದನ್ನು ಹೋದ ಸೋಮವಾರವೇ ನಿಜವೆಂದು ಹಿಡಿದು, ಹಿತ್ತಾಳೆಯಲ್ಲಿ ಕೆತ್ತಿಸಲಾಗಿದೆ.'

ಕೆಳಗೆ ತನ್ನ ಹೆಸರು ಬರೆದಳು. ಈ ಚೀಟಿಗೆ ಹೆಸರು ಬೇಕಿತ್ತು.

ಮುಖ್ಯಸ್ಥರು ಓದಿ ಕನ್ನಡಕನ ಕಡೆ ನೋಡಲಿಲ್ಲ. "ಇದೇನು ಹುಡುಗಾಟ?"

"ಡೀನ್ ಅವರಿಗೂ, ಬೇರೆ ಊರಿನಿಂದ ಬಂದವರಿಗೂ ಇದರ ಪ್ರತಿ ಕಳಿಸ್ತೀನಿ, ದೂರಿನ ಜೊತೆ. ಆಯ್ಕೆಗೆ ಕಾರಣ ಬರಹದಲ್ಲಿ ಕೊಡಿ. ನನ್ನ ತರಗತಿ ಪಾಠ ನಾನು ಮಾಡ್ತೀನಿ. ಮೆಟ್ಟಿಲ ಕೆಳಗಿನ ಕೆಲಸ ಇವತ್ತಿಗೆ ಮುಗೀತು." ಬೀಗದಕೈ ಮೇಜಿನ ಮೇಲಿಟ್ಟಳು.

"ಹಾಗಂದ್ರೆ ಹೇಗೆ ಮೇಡಂ! ಮಕ್ಕಳ ಗತಿ ಏನು?"

ಇದೇ ಆ ಹಗ್ಗ. ಮನೆಯಲ್ಲಾಗಲಿ ಹೊರಗಾಗಲಿ ಹೆಣ್ಣಿನ ಕಾಲಿಗೆ ಕಟ್ಟುವುದು ಇದನ್ನೇ. ಕೆಲಸಕ್ಕೆ ಬೆಲೆ ಕೇಳಿದ ಕೂಡಲೇ ಮಕ್ಕಳನ್ನು ತಂದು ಎದುರಿಗೆ ನಿಲ್ಲಿಸುತ್ತಾರೆ.

"ಮಕ್ಕಳ ಗತಿ ನಿರ್ದೇಶಕರನ್ನ ಕೇಳಿ," ಎಂದಳು. "ಅದಕ್ಕೇ ತಾನೇ ಹಿತ್ತಾಳೆ?"

ಹೊರಗೆ ಮೆಟ್ಟಿಲ ಮೇಲೆ ಗುಬ್ಬಿ ಕಾದಿದ್ದಳು. "ಅಕ್ಕಾ, ನಾಳೆ ಇರ್ತೀರಾ ಅಲ್ವಾ?"

ಆ ಮುಖಕ್ಕೆ ಇಲ್ಲ ಅನ್ನುವುದು ನುಂಗಲಾರದ ತುತ್ತು. ಆದರೂ ಅಂದಳು. "ಇಲ್ಲ ಪುಟ್ಟ. ಮೇಲೆ ಕೇಂದ್ರಕ್ಕೆ ಹೋಗಿ, ಎಲ್ಲರೂ ಒಟ್ಟಿಗೆ ಹೋಗಿ. ಸೀಮೆಸುಣ್ಣ ನಮ್ಮ ಕೈಗೆ ಕೊಡಿ ಅಂತ ಕೇಳಿ. ಕೊಡದಿದ್ದರೆ ಗಲಾಟೆ ಮಾಡಿ."

"ನನಗೆ ಗಲಾಟೆ ಮಾಡೋಕೆ ಬರಲ್ಲ ಅಕ್ಕಾ."

"ಇವತ್ತು ಬೆಳಿಗ್ಗೆ ಮಾಡಿದೆಯಲ್ಲ, ಅದಕ್ಕೇನು ಹೆಸರು?"

ಬೀಗ ಹಾಕದೆ ಬಿಟ್ಟಿದ್ದ ಕೋಣೆಯಿಂದ ಬಿಸ್ಕತ್ತಿನ ಡಬ್ಬಿಯನ್ನೆತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಬಾಗಿಲ ಹೊರಗೆ ಕುರ್ಚಿ ಎಳೆದು ಕೂತಳು. ಅತ್ತೆ ಎದುರಿಗೆ ಬಂದು ಕೂತು ವಿಷಯ ಕೇಳಿದರು. ಕೇಳಿ, "ಹಾಳಾಗಿ ಹೋಗ್ಲಿ," ಎಂದರು. ಬಹಳ ವರ್ಷಗಳ ಮೇಲೆ ಅತ್ತೆಯ ಬಾಯಿಂದ ಬಂದ ಒಳ್ಳೆಯ ಮಾತು ಅದು.

ಗಂಡ ಬಂದ. ಅವನೂ ಕೇಳಿ ಮರುಗಿದ. "ಛೇ, ಎಂಥ ಅನ್ಯಾಯ! ಇರು, ಇವತ್ತು ನಾನೇ ನಿನಗೆ ಚಹಾ ಮಾಡ್ತೀನಿ." ಒಲೆ ಹಚ್ಚಿ ನೀರಿಟ್ಟ. ಒಂದು ನಿಮಿಷ ಕಳೆಯಿತು.

"ಏ, ಸಕ್ಕರೆ ಎಲ್ಲಿದೆ?"

ಅವಳ ಕಾಲು ತಾನಾಗಿ ನೆಲ ಒತ್ತಿ ಏಳಲು ಹೊರಟಿತು. ಅರ್ಧ ಎದ್ದವಳು ಹಾಗೇ ನಿಂತಳು. ಕಂಡವರ ಮಕ್ಕಳ ಕೈಯಿಂದ ಒಂದು ದಿನವೂ ಸೀಮೆಸುಣ್ಣ ಕಸಿಯದವಳು, ಈ ಮನೆಯಲ್ಲಿ ಇಪ್ಪತ್ತೆರಡು ವರ್ಷ ಎಲ್ಲರ ಕೈಯ ಚಮಚವನ್ನೂ ಕಸಿದುಕೊಂಡಿದ್ದಳು. ಅವಳ ಸಿಟ್ಟು ಈಗ ಅವಳ ಮೇಲೆಯೇ ತಿರುಗಿತು. ಕೂತಳು.

ಒಂದು ಡಬ್ಬಿಯ ಮುಚ್ಚಳ ತೆರೆದ ಸದ್ದು. ಇನ್ನೊಂದು. ಮತ್ತೊಂದು. "ಉಪ್ಪು ಇದು... ಇದು ಹಿಟ್ಟು... ಕೇಳ್ತಾ ಇದೆಯಾ?"

ಅತ್ತೆಗೆ ತಡೆಯಲಾಗಲಿಲ್ಲ. "ಎಡಗಡೆ ಮೇಲಿನ..." ಎಂದು ಬಾಯಿ ತೆರೆದರು.

ಲೆಕ್ಕದಕ್ಕ ಅವರ ಕೈ ಒತ್ತಿದಳು. "ಬೇಡ ಅತ್ತೆ. ಯೋಚನೆ ಮಾಡ್ಲಿ."

ಅತ್ತೆ ಸೊಸೆಯ ಮುಖವನ್ನೇ ನೋಡಿದರು. ಆಮೇಲೆ ಮಂಡಿ ಸವರಿಕೊಂಡು, ನೆಟ್ಟಗೆ ಕೂತು, ಬಾಯಿ ಮುಚ್ಚಿಕೊಂಡರು.

"ಇದೇನಿದು, ಬಿಸ್ಕತ್ತಿನ ಡಬ್ಬಿ ತುಂಬ ಬರೀ ಚೀಟಿ!" ಗಂಡ ಮೇಲಿನದೊಂದನ್ನು ಎತ್ತಿ ಬೆಳಕಿಗೆ ಹಿಡಿದು ಓದಿದ. "'ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗ್ತಿಲ್ಲ.' ಯಾರೇ ಇದನ್ನ ಬರೆದಿದ್ದು?"

"ಯಾರಾದರೂ ಆಗಿರಬಹುದು," ಎಂದಳು ಲೆಕ್ಕದಕ್ಕ, ಕೂತಲ್ಲಿಂದ ಕದಲದೆ. "ಮುಚ್ಚಳ ಹಾಕಿ, ಮುಂದಿನ ಡಬ್ಬಿ ನೋಡಿ."

ಒಲೆಯ ಮೇಲೆ ನೀರು ಕುದಿದು ಅರ್ಧಕ್ಕಿಳಿದಿತ್ತು.