ಹೊಗೆ ಮೂಸಿ ಹೇಳುತ್ತಿದ್ದ ವಿರೂಪಾಕ್ಷಣ್ಣ

ವಿರೂಪಾಕ್ಷಣ್ಣ ಕಾರಿನ ಹೊಗೆ ಮೂಸಿ ಅದರ ರೋಗ ಹೇಳುತ್ತಿದ್ದರು. ಯಾರಾದರೂ ಗಾಡಿ ಸ್ಟಾರ್ಟ್ ಮಾಡಿದರೆ ಸಾಕು, ಹಿಂದೆ ಹೋಗಿ, ಮಂಡಿಯ ಮೇಲೆ ಕೈಯೂರಿ ಬಗ್ಗಿ, ಹೊಗೆ ಬರುವ ಕೊಳವೆಯ ಬಾಯಿಗೆ ಬಿಳಿ ಕರ್ಚೀಫು ಹಿಡಿಯುತ್ತಿದ್ದರು. ಆಮೇಲೆ ಅದನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚುವರು. ನಾನು ಚಿಕ್ಕವಳಾಗಿದ್ದಾಗ ನಮ್ಮ ಕಡೆ ನಾಡಿ ಹಿಡಿಯುತ್ತಿದ್ದ ಪಂಡಿತರ ಮುಖವೂ ಹೀಗೇ ಆಗುತ್ತಿತ್ತು. ಕಣ್ಣು ಬಿಟ್ಟ ಮೇಲೆ ತೀರ್ಪು. ಇದು ಎಣ್ಣಿ ಕುಡಿಯಾಕ ಹತ್ತೈತಿ. ಇದಕ್ಕ ಉಸುರು ಸಾಲವಲ್ದು. ಇದಕ್ಕ ಏನೂ ಆಗಿಲ್ಲ, ಓಡಸಾವಂಗ ಅವಸರ ಭಾಳ ಐತಿ.

ನ್ಯೂಯಾರ್ಕಿಗೆ ಹತ್ತಿರದ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎದುರು ಕಟ್ಟಡದ ಕೆಳಮನೆ ಅವರದು. ಹುಬ್ಬಳ್ಳಿಯಲ್ಲಿ ಗ್ಯಾರೇಜಿನ ಕೆಲಸ ಕಲಿತು, ತಂಗಿ ಕರೆಸಿಕೊಂಡರೆಂದು ಬಹಳ ವರ್ಷದ ಹಿಂದೆಯೇ ಈ ದೇಶಕ್ಕೆ ಬಂದವರು. ಇಲ್ಲೂ ಗ್ಯಾರೇಜ್ ಇಟ್ಟು, ವಯಸ್ಸಾದ ಮೇಲೆ ಮುಚ್ಚಿದರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಫ್ಲಾರಿಡಾದಲ್ಲಿ.

ನಾನು ಮಂಡ್ಯದ ಕಡೆಯವಳು, ಓದಿದ್ದು ನಾಲ್ಕನೇ ಕ್ಲಾಸು. ಮಗಳು ಸುಮ ಇಲ್ಲಿ ಔಷಧಿ ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ನನಗೂ ಗ್ರೀನ್ ಕಾರ್ಡ್ ಮಾಡಿಸಿ, ಬಾಣಂತನಕ್ಕೆಂದು ಕರೆಸಿಕೊಂಡಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮಗು. ಮೊಮ್ಮಗಳು ಚಿನ್ನಿಯನ್ನು ಮೊದಲ ಸಲ ಎತ್ತಿಕೊಂಡಾಗ ನಾನು ಬಿಡದೆ ನಿಂತೇ ಇದ್ದದ್ದು ನೋಡಿ ನರ್ಸಮ್ಮ ಕುರ್ಚಿ ಎಳೆದು ಕೂರಿಸಿದಳು. ಚಿನ್ನಿ ಆಕಳಿಸಿದರೂ ನನಗೆ ಸುದ್ದಿ, ಸೀನಿದರೂ ಸುದ್ದಿ. ಆದರೆ ಸುದ್ದಿ ಯಾರಿಗೆ ಹೇಳುವುದು? ಮಗಳು ಅಳಿಯ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾವಿಬ್ಬರೇ. ಊರಿಗೆ ಫೋನ್ ಮಾಡೋಣವೆಂದರೆ ಅಲ್ಲಿ ಎಲ್ಲರೂ ಮಲಗಿರುವ ಹೊತ್ತು. ಕಿಟಕಿಯಿಂದ ನೋಡಿದರೆ ಸಾಲಾಗಿ ನಿಂತ ಕಾರುಗಳು. ಒಂದು ನರಪಿಳ್ಳೆ ಇಲ್ಲ. ಎದೆ ತುಂಬ ಸಂತೋಷ ಇಟ್ಟುಕೊಂಡು ಗೋಡೆ ನೋಡುತ್ತಾ ಕೂತಿರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಾಗಿದ್ದೇ ಇಲ್ಲಿ.

ವಿರೂಪಾಕ್ಷಣ್ಣನ ಪರಿಚಯವಾದದ್ದು ನನ್ನ ತಪ್ಪಿನಿಂದ. ಚಿನ್ನಿಗೆ ಎಂಟು ತಿಂಗಳಿದ್ದಾಗ ಆಯುಧಪೂಜೆ ಬಂತು. ಸುಮಳ ಕಾರನ್ನು ನಾನೇ ತೊಳೆಯುತ್ತೇನೆಂದು ಬಕೆಟ್ ಹಿಡಿದು ಇಳಿದೆ. ಮುಂದಿನ ಗಾಜಿನ ಒಳಗಡೆ, ಮೂಲೆಯಲ್ಲಿ ಒಂದು ಚೀಟಿ ಅಂಟಿತ್ತು. ಅಂಗಡಿಯವರು ಅಂಟಿಸಿದ ಚೀಟಿ ಇರಬೇಕು, ಪೂಜೆಗೆ ನಿಂತ ಗಾಡಿಯ ಮುಖದ ಮೇಲೆ ಇದೆಂಥದ್ದು ಎಂದು ಬಿಸಿನೀರು ಒತ್ತಿ, ಮೊಂಡು ಚಾಕುವಿನಿಂದ ಕೆರೆದು ತೆಗೆದೆ. ಅದೇ ಜಾಗಕ್ಕೆ ಅರಿಸಿನ ಕುಂಕುಮ ಇಟ್ಟೆ. ಗಾಜು ಫಳಫಳ ಅನ್ನುತ್ತಿತ್ತು.

ಸುಮ ಬಂದು ನೋಡಿ ತಲೆ ಮೇಲೆ ಕೈ ಹೊತ್ತಳು. "ಅಮ್ಮಾ, ಏನ್ ಮಾಡ್ಬಿಟ್ಟೆ? ಅದು ಇನ್ಸ್‌ಪೆಕ್ಷನ್ ಸ್ಟಿಕ್ಕರ್. ಅದಿಲ್ದೆ ಡ್ರೈವ್ ಮಾಡಿದ್ರೆ ಪೊಲೀಸ್ ಟಿಕೆಟ್ ಕೊಡ್ತಾರೆ."

ಕಾರು ಕೆಟ್ಟ ಹೊಗೆ ಬಿಡುವುದಿಲ್ಲವೆಂದು ಸರ್ಕಾರದವರು ಪರೀಕ್ಷೆ ಮಾಡಿ ಅಂಟಿಸುವ ಚೀಟಿಯಂತೆ. ನನಗೇನು ಗೊತ್ತು. ನಮ್ಮ ಮಾತು ಕೇಳಿ ಎದುರು ಮನೆಯಿಂದ ಚಪ್ಪಲಿ ಎಳೆಯುತ್ತಾ ಒಬ್ಬ ಮುದುಕರು ಬಂದರು. ಗಾಜು ನೋಡಿದರು, ನನ್ನ ಕೈಯಲ್ಲಿದ್ದ ಚಾಕು ನೋಡಿದರು.

"ಗಾಡಿ ಹಣಿ ಮ್ಯಾಲಿನ ಕುಂಕುಮ ಕೆರದು ಒಗದು, ಮತ್ತ ನೀನ ಕುಂಕುಮ ಹಚ್ಚೀಯಲ್ಲವಾ ತಂಗಿ!" ಎಂದು ನಕ್ಕರು. ನಗುತ್ತಲೇ ನನ್ನ ಬರಿ ಹಣೆ ನೋಡಿದರು. ತಪ್ಪು ತಿಳ್ಕೋಬ್ಯಾಡ ಎಂದು ಮೆಲ್ಲಗೆ ಅಂದರು. ನಾನು ತಪ್ಪು ತಿಳಿಯಲಿಲ್ಲ. ತಂಗಿ ಎಂದು ಯಾರೋ ಕರೆದದ್ದಷ್ಟೇ ನನ್ನ ಕಿವಿಯಲ್ಲಿ ಉಳಿದಿತ್ತು.

ಮರುದಿನ ಸುಮಳಿಗೆ ಮನೆಯಿಂದಲೇ ಕೆಲಸ. ಕಾರನ್ನು ಪರೀಕ್ಷೆಯ ಜಾಗಕ್ಕೆ ತಾವೇ ತೆಗೆದುಕೊಂಡು ಹೋಗುತ್ತೇನೆಂದು ವಿರೂಪಾಕ್ಷಣ್ಣ ಹೇಳಿದರು. ಆದರೆ ತಪ್ಪು ಮಾಡಿದವರು ಜೊತೆಗೆ ಬರಬೇಕೆಂದು ಷರತ್ತು ಹಾಕಿದರು. ಹೋದೆ. ಅಲ್ಲಿ ಕಾರುಗಳು ಒಂದರ ಹಿಂದೆ ಒಂದು, ಶಾಲೆಯ ಮಕ್ಕಳ ಹಾಗೆ ನಿಂತಿದ್ದವು. ಒಬ್ಬ ಸ್ಟಿಯರಿಂಗಿನ ಕೆಳಗೆ ಒಂದು ವೈರು ಚುಚ್ಚಿ ಯಂತ್ರ ನೋಡುತ್ತಾ ನಿಂತ. ಹಿಂದಿನ ಕಾಲದಲ್ಲಿ ಹೊಗೆಯ ಬಾಯಿಗೇ ನಳಿಗೆ ಹಾಕಿ ನೋಡುತ್ತಿದ್ದರಂತೆ. ಈಗ ಗಾಡಿಯೊಳಗಿನ ಕಂಪ್ಯೂಟರ್ ಪೆಟ್ಟಿಗೆಯನ್ನು ಕೇಳುತ್ತಾರೆ, ಪೆಟ್ಟಿಗೆ ಹೇಳಿದ್ದೇ ಸತ್ಯ. ಸುಮಳ ಕಾರು ಪಾಸಾಗಿ ಹೊಸ ಚೀಟಿ ಬಂತು.

"ಈಗ ಯಾರೂ ಮೂಸೂದಿಲ್ಲವಾ," ಎಂದರು ವಿರೂಪಾಕ್ಷಣ್ಣ. ಕರ್ಚೀಫು ಮಡಿಸಿ ಜೇಬಿಗಿಟ್ಟುಕೊಂಡರು.

ಅಂದಿನಿಂದ ನನಗೆ ಕೇಳುವ ಕಿವಿ ಸಿಕ್ಕಿತು. ಬೆಳಿಗ್ಗೆ ಅವರು ತಮ್ಮ ಕಾರಿನಲ್ಲಿ ಬಂದು ಕೂರುತ್ತಿದ್ದರು. ಇಪ್ಪತ್ತು ವರ್ಷ ದಾಟಿದ ಕಂದು ಬಣ್ಣದ ಕಾರು. ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ಅರ್ಧ ಗಂಟೆ ಕೂತು ಎದ್ದು ಹೋಗುವುದು. ಪಕ್ಕದ ಸೀಟು ಹೆಂಡತಿಯದು, ಅವರ ಒಂದು ಶಾಲು ಇನ್ನೂ ಅಲ್ಲೇ ಇತ್ತು. ನಾನು ಚಿನ್ನಿಯನ್ನು ಸೊಂಟಕ್ಕೆ ಏರಿಸಿಕೊಂಡು ಹೋಗಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ. ಕೆಳಗಿನ ಎರಡು ಹಲ್ಲು ಬಂದದ್ದು, ರಾಗಿ ಗಂಜಿಯನ್ನು ನನ್ನ ಮುಖಕ್ಕೇ ಉಗಿದದ್ದು, ಸೋಫಾ ಹಿಡಿದು ನಿಂತದ್ದು, ಎಲ್ಲವನ್ನೂ ಅವರಿಗೆ ವರದಿ ಮಾಡುವೆ. ಅವರು ಗಾಡಿಯ ರೋಗ ಕೇಳುವಷ್ಟೇ ಗಂಭೀರವಾಗಿ ಕೇಳುವರು.

ಒಂದು ದಿನ ಅವರೇ ಒಂದು ವಿಷಯ ಹೇಳಿದರು. ಒಬ್ಬರೇ ಇರಬೇಡಿ, ಡ್ರೈವಿಂಗ್ ಬಿಡಿ, ಇಲ್ಲಿಗೆ ಬನ್ನಿ ಎಂದು ಮಗಳು ಪ್ರತಿ ಫೋನಿನಲ್ಲೂ ಹಟ ಹಿಡಿಯುತ್ತಿದ್ದಳಂತೆ. ಕೊನೆಗೆ ಇವರು ಒಂದು ಒಪ್ಪಂದ ಮಾಡಿಕೊಂಡಿದ್ದರು. ಈ ಕಾರಿನ ಚೀಟಿಯ ಅವಧಿ ನವೆಂಬರ್ ಕೊನೆಗೆ ಮುಗಿಯುತ್ತದೆ. ಪರೀಕ್ಷೆಯಲ್ಲಿ ಪಾಸಾದರೆ ಇನ್ನೆರಡು ವರ್ಷ ಯಾರೂ ಮಾತಾಡಬಾರದು. ಫೇಲಾದರೆ ಕೀಲಿ ಕೊಟ್ಟು ಫ್ಲಾರಿಡಾಕ್ಕೆ ಹೊರಡುವುದು.

ನಾನು ಕಿಟಕಿಯಿಂದ ಬಗ್ಗಿ ಸ್ಟಿಯರಿಂಗಿನ ಹಿಂದೆ ನೋಡಿದೆ. ಅಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡೇ ಇತ್ತು. ದೀಪ ಹತ್ತಿದ್ದರೆ ಫೇಲು.

ಮೂರು ದಿನ ಅವರು ಬಾನೆಟ್ಟಿನೊಳಗೆ ಮೂಗು ಇಟ್ಟುಕೊಂಡೇ ಇದ್ದರು. ದೋಷ ಹುಡುಕುವ ಯಂತ್ರ ಏನೋ ಒಂದು ನಂಬರ್ ತೋರಿಸಿತಂತೆ, ದೋಷ ಎಲ್ಲಿ ಎಂದು ಹೇಳಲಿಲ್ಲ. ಇವರು ಪೆಟ್ರೋಲ್ ವಾಸನೆ ಹಿಡಿದೇ ಹೋಗಿ ಒಂದು ರಬ್ಬರ್ ಪೈಪಿನಲ್ಲಿ ಕೂದಲೆಳೆಯಷ್ಟು ಸೀಳು ಹುಡುಕಿದರು. ಪೈಪು ಬದಲಾಯಿತು, ದೀಪ ಆರಿತು. ಆದರೆ ದೀಪ ಆರಿಸುವಾಗ ಪೆಟ್ಟಿಗೆ ಹಿಂದಿನದನ್ನೆಲ್ಲಾ ಮರೆತುಬಿಡುತ್ತದಂತೆ. ಅದಕ್ಕೆ ಮತ್ತೆ ಎಲ್ಲಾ ತರಹದ ದಾರಿ ತೋರಿಸಿ, ನಿಧಾನ, ಜೋರು, ನಿಲ್ಲು, ಏಳು ಎಂದು ನಡೆಸಿ ನೆನಪು ಬರಿಸಬೇಕು. ಇಲ್ಲದಿದ್ದರೆ ಪರೀಕ್ಷೆಯವರು ಗಾಡಿ ಇನ್ನೂ ತಯಾರಾಗಿಲ್ಲ ಎಂದು ವಾಪಸ್ ಕಳಿಸುತ್ತಾರೆ.

ಹಾಗೆ ಸುಮ ಮನೆಯಲ್ಲಿದ್ದ ನಾಲ್ಕು ದಿನ ನಾನು ಆ ಕಾರಿನಲ್ಲಿ ಊರು ಸುತ್ತಿದೆ. ಶಾಲು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಒಂದು ದಿನ ಬಾಸ್ಕಿಂಗ್ ರಿಡ್ಜ್ ಕಡೆ, ಎರಡೂ ಬದಿ ಎಲೆ ಉದುರಿ ಬೋಳಾದ ಮರಗಳು. ಇನ್ನೊಂದು ದಿನ ಸೀಕಾಕಸ್‌ವರೆಗೆ. ಅಲ್ಲಿ ನೀರಿನಾಚೆ ನ್ಯೂಯಾರ್ಕಿನ ಎತ್ತರದ ಕಟ್ಟಡಗಳು ಕಂಡವು. ಹೋಗೋಣವೇ ಎಂದು ಕೇಳಿದೆ. ಮೊದಲು ಪ್ರತಿ ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಹೋಗಿ, ಗಾಡಿ ನಿಲ್ಲಿಸದೆ ಬೀದಿ ಬೀದಿ ಸುತ್ತಿ ಬರುತ್ತಿದ್ದರಂತೆ. ಈಗ ಅಲ್ಲಿ ಗಾಡಿಗಳ ಸಂದಣಿ ಕಡಿಮೆ ಮಾಡಲೆಂದು, ಅರವತ್ತನೇ ಬೀದಿಯಿಂದ ಕೆಳಗಿನ ಊರಿನ ನಡುಭಾಗಕ್ಕೆ ಗಾಡಿ ಇಳಿದರೆ ಕ್ಯಾಮೆರಾ ನಂಬರ್ ಹಿಡಿದು ಸುಂಕ ಹಾಕುತ್ತದೆ.

"ಆ ಊರು ಗಾಡೀಗೆ ಬರಬ್ಯಾಡ ಅಂದ್ಮ್ಯಾಲ ಯಾಕ ಹೋಗೂದು," ಎಂದರು. "ಆಕಿನೂ ಇಲ್ಲ."

ನಾಲ್ಕನೇ ದಿನ ವಾಪಸ್ ಬರುವಾಗ ಅದು ಆಯಿತು. ನಮ್ಮ ಮನೆಯ ಹತ್ತಿರದ ಶಾಲೆಯ ಮೂಲೆ. ಸಿಗ್ನಲ್ ದೀಪ ಕೆಂಪಾಗಿತ್ತು. ವಿರೂಪಾಕ್ಷಣ್ಣ ಹೆಂಡತಿ ಮಾಡುತ್ತಿದ್ದ ಶೇಂಗಾ ಚಟ್ನಿಯ ವಿಷಯ ಹೇಳುತ್ತಾ ಹಾಗೇ ದಾಟಿಸಿದರು. ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡ ಒಬ್ಬಳು ರಸ್ತೆಗೆ ಕಾಲಿಟ್ಟಿದ್ದವಳು ಗಕ್ಕನೆ ಹಿಂದೆ ಸರಿದಳು. ಅವಳ ಬಾಯಿ ತೆರೆದದ್ದು ನನಗೆ ಕಂಡಿತು. ವಿರೂಪಾಕ್ಷಣ್ಣನಿಗೆ ಅವಳೂ ಕಾಣಲಿಲ್ಲ, ದೀಪವೂ ಕಾಣಲಿಲ್ಲ. ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕೆಂದು ಹೇಳುತ್ತಲೇ ಇದ್ದರು.

ನಾನು ಏನೂ ಹೇಳಲಿಲ್ಲ. ಸಂಜೆ ಸುಮ ಕೇಳಿದಾಗಲೂ ಚೆನ್ನಾಗಿತ್ತು ಎಂದೆ. ಚಿನ್ನಿಯನ್ನು ಮಲಗಿಸುವಾಗ ಆ ಇನ್ನೊಂದು ಮಗು ನೆನಪಾಗಿ ಅವಳ ಹೊದಿಕೆಯನ್ನು ಮತ್ತೆ ಮತ್ತೆ ಸರಿಮಾಡಿದೆ. ಆದರೂ ಹೇಳಲಿಲ್ಲ.

ಪರೀಕ್ಷೆಯ ದಿನ ಅವರು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡಿದ್ದರು. ಅಲ್ಲಿಯವರು ವೈರು ಚುಚ್ಚಿದರು, ಯಂತ್ರ ನೋಡಿದರು. ಪಾಸು. ಹಳೆಯ ಚೀಟಿ ಕೆರೆದು ಹೊಸದು ಅಂಟಿಸಿದರು. ವಿರೂಪಾಕ್ಷಣ್ಣ ಒಳಗೆ ಕೂತು ಅದರ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ನನಗೆ ಚಿನ್ನಿ ಹುಟ್ಟಿದ ದಿನದಷ್ಟೇ ಸಂತೋಷ. ಇನ್ನೆರಡು ವರ್ಷ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಮನೆಗೆ ಬರುವ ದಾರಿಯಲ್ಲಿ ಅದೇ ಮೂಲೆ. ಮುಂದಿನ ಕಾರು ನಿಂತದ್ದರಿಂದ ಇವರೂ ನಿಂತರು. ಕತ್ತೆತ್ತಿ ದೀಪ ನೋಡಿದರು. ಬಹಳ ಹೊತ್ತು ನೋಡಿದರು.

"ಮೊನ್ನೆ ಇಲ್ಲಿ ನಿಂತಿದ್ವೇನ ತಂಗಿ, ನಾವು?"

ನಾನು ಶಾಲಿನ ದಾರ ಹಿಡಿದುಕೊಂಡು ಕೂತೆ. ದೀಪ ಹಸಿರಾಯಿತು. ಅವರು ಮೆಲ್ಲಗೆ ಓಡಿಸಿಕೊಂಡು ಬಂದು ತಮ್ಮ ಜಾಗದಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಿದರು.

"ನಿನಗ ಕಂಡಿತ್ತು."

"ಕಂಡಿತ್ತು ಕಣಣ್ಣ."

"ಮತ್ತ ಯಾಕ ಹೇಳಲಿಲ್ಲ?"

"ಹೇಳುದ್ರೆ ನೀವು ಹೊಂಟೋಯ್ತೀರಲ್ಲ."

ಅವರು ಕೀಲಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು. ಅಲ್ಲಿ ಯಾರಾದರೂ ಇದ್ದರೇ ಎಂದು ಕೇಳಿದರು. ಇದ್ದರು ಎಂದೆ. ಮಗುವೂ ಇತ್ತು ಎಂದೆ. ಅವರ ಮುಖ ನೋಡಲಾಗದೆ ನಾನು ಹೊಸ ಚೀಟಿಯನ್ನೇ ನೋಡುತ್ತಿದ್ದೆ.

"ಗಾಡಿ ಪಾಸಾತು," ಎಂದರು ಕೊನೆಗೆ. "ಡ್ರೈವರ್ ಫೇಲಾದ. ಅದನ್ನ ಆ ಪೆಟಗಿ ಹೇಳಂಗಿಲ್ಲ ನೋಡು. ನೀ ಹೇಳಬೇಕಿತ್ತು."

ಇಷ್ಟು ದಿನದಲ್ಲಿ ಅವರು ನನ್ನನ್ನು ಬೈದದ್ದು ಅದೊಂದೇ ಸಲ. ಅದೂ ಬೈಗುಳದ ಹಾಗಿರಲಿಲ್ಲ. ಒಪ್ಪಂದದ ಪ್ರಕಾರ ಅವರು ಇರಬಹುದಾಗಿತ್ತು. ಅಂದೇ ಮಧ್ಯಾಹ್ನ ಮಗಳಿಗೆ ಫೋನ್ ಮಾಡಿ ಬಂದು ಕರೆದುಕೊಂಡು ಹೋಗು ಎಂದರು.

ಹೊರಡುವ ದಿನ ನಮ್ಮ ಮನೆಗೆ ಬಂದರು. ನಾನು ಶೇಂಗಾ ಚಟ್ನಿ ಮಾಡಿದ್ದೆ, ಅವರು ಹೇಳಿದಷ್ಟೇ ಬೆಳ್ಳುಳ್ಳಿ ಹಾಕಿ. ಒಂದು ಬೆರಳು ನೆಕ್ಕಿ ತಲೆದೂಗಿದರು. ಆಕಿ ಮಾಡಿದಂಗ ಅಲ್ಲ, ಆದರೂ ಚಲೋ ಆಗೇತಿ ಎಂದರು. ಆಮೇಲೆ ಚಿನ್ನಿಯನ್ನು ಎತ್ತಿಕೊಂಡರು. ಅವಳು ಅವರ ಕನ್ನಡಕಕ್ಕೆ ಕೈ ಹಾಕಿದಳು. ಅವರು ಕಣ್ಣು ಮುಚ್ಚಿ, ಅವಳ ನೆತ್ತಿಯನ್ನು ಎರಡು ಸಲ ಮೂಸಿದರು.

"ಎಂಜಿನ್ ಭಾಳ ಛಂದ ಐತಿ ತಂಗಿ," ಎಂದರು. "ಓಡ್ತೈತಿ ಇದು."

ಕಾರನ್ನು ಯಾರಿಗೋ ಕೊಟ್ಟುಬಿಟ್ಟರು. ಶಾಲನ್ನು ಮಾತ್ರ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಒಂದೆರಡು ಸಲ ಫೋನ್ ಮಾಡಿದರು. ಫ್ಲಾರಿಡಾದಲ್ಲಿ ಗಾಡಿಗಳಿಗೆ ಪರೀಕ್ಷೆಯೇ ಇಲ್ಲವಂತೆ, ಚೀಟಿಯೂ ಇಲ್ಲವಂತೆ. ಹೆಂಗ ಬೇಕಾದ್ರೂ ಹೊಗೀ ಬಿಡ್ಲಿ, ಯಾರೂ ಕೇಳೂದಿಲ್ಲವಾ ಎಂದರು. ಇತ್ತೀಚೆಗೆ ನಾನು ಫೋನ್ ಮಾಡಿದರೆ ಅವರ ಮಗಳು ತೆಗೆಯುತ್ತಾಳೆ. ಅಪ್ಪ ಮಲಗಿದ್ದಾರೆ ಎನ್ನುತ್ತಾಳೆ.

ನಿನ್ನೆ ಬೆಳಿಗ್ಗೆ ಚಿನ್ನಿ ನಡೆದಳು. ಸೋಫಾ ಬಿಟ್ಟು ನನ್ನ ಕಡೆಗೆ ಎಣಿಸಿ ಐದು ಹೆಜ್ಜೆ. ಸುಮ ಕೆಲಸಕ್ಕೆ ಹೋಗಿಯಾಗಿತ್ತು. ನಾನು ಕುಣಿದಾಡಿಬಿಟ್ಟೆ. ಅವಳಿಗೆ ದಪ್ಪ ಕೋಟು ಸುತ್ತಿ ಎತ್ತಿಕೊಂಡು, ಚಪ್ಪಲಿಯಲ್ಲೇ ಹಿಮದ ಮೇಲೆ ಓಡಿದೆ. ಹೇಳಬೇಕಲ್ಲ.

ವಿರೂಪಾಕ್ಷಣ್ಣನ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಬೇರೆ ಯಾರದೋ ಬಿಳಿ ಕಾರು ಸ್ಟಾರ್ಟ್ ಆಗಿ ನಿಂತಿತ್ತು. ಹಿಂದಿನಿಂದ ಹೊಗೆ ಬರುತ್ತಿತ್ತು. ನಾನು ಮಗುವನ್ನು ದೂರಕ್ಕೆ ಹಿಡಿದು, ಸೊಂಟ ನೋಯುತ್ತಿದ್ದರೂ ಬಗ್ಗಿ ಒಂದು ಸಲ ಮೂಸಿದೆ. ಬರೀ ಹೊಗೆ. ಒಳಗೆ ಕೂತವನು ಗಾಜು ಇಳಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದ. ಏನಿಲ್ಲಪ್ಪ, ನನ್ನ ಮೊಮ್ಮಗಳು ಇವತ್ತು ನಡೆದಳು ಎಂದು ಕನ್ನಡದಲ್ಲೇ ಹೇಳಿ ವಾಪಸ್ ಬಂದೆ.