ಮೆಟ್ಟಿಲ ಮೇಲೆ ಸಾಲು ನಿಂತ ಚಪ್ಪಲಿಗಳು

ಈಗಲೂ ಮೆಟ್ಟಿಲು ಹತ್ತುವಾಗ ನನ್ನ ಕೈ ತಾನಾಗಿ ಗೋಡೆಯನ್ನು ಹುಡುಕುತ್ತದೆ, ಬಸವೇಶ್ವರನಗರದ ನಮ್ಮ ಮನೆಯಲ್ಲಿ ಕೂಡ.

ನಮ್ಮ ಹಿಂದಿನ ಪೋರ್ಷನ್‌ನಲ್ಲಿ ಬಾಡಿಗೆಗಿರುವ ಅಕ್ಕ ಬ್ಲೌಸ್ ಹೊಲಿಯುತ್ತಾರೆ. ಕಣ್ಣಿನ ಒತ್ತಡಕ್ಕೆ ಅವರಿಗೆ ದಿನವೂ ಡ್ರಾಪ್ಸ್ ಬೇಕು. ಬಿಟ್ಟರೆ ದೃಷ್ಟಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಮನೆ ನಡೆಸುವ ಹೆಂಗಸರಿಗೆ ಸರ್ಕಾರ ಕೊಡುವ ತಿಂಗಳ ಹಣದಲ್ಲಿ ಅವರು ಮೊದಲು ಕೊಳ್ಳುತ್ತಿದ್ದುದು ಆ ಸೀಸೆಯನ್ನೇ. ಆ ಹಣ ನಿಂತುಹೋಗಿತ್ತು. ಖಜಾನೆ ಬರಿದಾಗಿದೆ, ಸಾಲದ ಬಡ್ಡಿಯೇ ಎಲ್ಲವನ್ನೂ ನುಂಗುತ್ತಿದೆ ಎಂದು ಟಿವಿಯಲ್ಲಿ ದಿನವೂ ಚರ್ಚೆ. ಬಿ.ಕಾಂ. ಓದಿದ ನನಗೆ ಆ ಲೆಕ್ಕ ಅರ್ಥವಾಗದೇನಿಲ್ಲ. ಆದರೆ ಒಂದು ಹನಿಯೂ ಕೆನ್ನೆಗೆ ಜಾರದಂತೆ ಅಕ್ಕ ತಲೆಯನ್ನು ಗೋಡೆಗೊತ್ತಿ ಕೂರುವುದನ್ನು ನೋಡಿದ ಮೇಲೆ, ‘ಅನಗತ್ಯ ಖರ್ಚು’ ಎಂಬ ಮಾತು ಬಂದರೆ ನಾನು ಟಿವಿ ಆರಿಸುತ್ತಿದ್ದೆ.

ಒಂದು ಬೆಳಿಗ್ಗೆ ಸುದ್ದಿ ಹಬ್ಬಿತು: ಮತ್ತೊಮ್ಮೆ ಹೆಬ್ಬೆಟ್ಟು ಕೊಡದವರ ಹೆಸರನ್ನು ಸಂಜೆಗೇ ಆ ಹಣದ ಪಟ್ಟಿಯಿಂದ ತೆಗೆದುಬಿಡುತ್ತಾರಂತೆ. ಅಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೆ. ಹೆಬ್ಬೆಟ್ಟು ಕೊಡುವ ಜಾಗ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ. ಮೇಲಿನ ಷಟರ್ ಇನ್ನೂ ತೆರೆದಿರಲಿಲ್ಲ. ಕಿರಿದಾದ ಮೆಟ್ಟಿಲುಗಳ ತುಂಬ ಚಪ್ಪಲಿಗಳು, ರೇಷನ್ ಅಂಗಡಿಯ ಮುಂದೆ ಇಡುವ ಹಾಗೆಯೇ. ಚಪ್ಪಲಿ ಕ್ಯೂನಲ್ಲಿ, ಹೆಂಗಸರು ಎದುರಿನ ಹೊಂಗೆ ಮರದ ನೆರಳಲ್ಲಿ.

“ಕೊನೆ ಯಾರಮ್ಮಾ?” ಅಂದರು ಅಕ್ಕ.

“ಆ ನೀಲಿ ಹವಾಯಿ ನಂದು. ಅದರ ಹಿಂದೆ ಬಿಡಿ. ಹೊಸದಾದ್ರೆ ಹುಷಾರು ಕಣಮ್ಮ, ದುಡ್ಡು ಬರೋದ್ರೊಳಗೆ ಚಪ್ಪಲೀನೂ ಹೋಗಿರುತ್ತೆ!”

ದಾರಿಯಲ್ಲಿ ಬೈಕ್ ನಿಧಾನಿಸಿದವನೊಬ್ಬ, “ಬಿಟ್ಟಿ ದುಡ್ಡಿಗೆ ಎಷ್ಟು ಜನ ಗುರು!” ಎಂದ.

“ನಿಮ್ಮನೇಲಿ ಅಡುಗೆ ಮಾಡೋರಿಗೆ ಸಂಬಳ ಎಷ್ಟು ಕೊಡ್ತೀರ ಸಾರ್?” ಎಂದಳು ನೀಲಿ ಹವಾಯಿಯವಳು. ಎಲ್ಲರೂ ನಕ್ಕರು. ಅವನು ಹೊರಟುಹೋದ.

ಷಟರ್ ಎದ್ದ ಸದ್ದಾಯಿತು. ಎಲ್ಲರೂ ಒಟ್ಟಿಗೆ ಮೆಟ್ಟಿಲಿಗೆ ನುಗ್ಗಿದರು. ನುಗ್ಗಿದವರೆಲ್ಲ ತಮ್ಮ ತಮ್ಮ ಚಪ್ಪಲಿಗಾಗಿ ಬಗ್ಗಿದರು. ಬಗ್ಗಿದವರು ಹಿಂದಿನವರಿಗೆ ಕಾಣಲಿಲ್ಲ. ಮುಂದೆ ಜಾಗವಿದೆಯೆಂದುಕೊಂಡು ಅವರು ತಳ್ಳಿದರು. ನನಗಿಂತ ಒಂದು ಮೆಟ್ಟಿಲು ಮೇಲಿದ್ದ ಅಕ್ಕನ ತಲೆ ಕಾಣದಾಯಿತು. ಅವರ ಬೆನ್ನ ಮೇಲೆ ಯಾರದೋ ಮೊಣಕಾಲು. ಮೆಟ್ಟಿಲ ಪಕ್ಕದ ಕಂಬಿ ಹೊರಕ್ಕೆ ವಾಲಿದ್ದನ್ನು ಕಂಡೆ. ಕಣ್ಣು ಮುಚ್ಚಿದರೆ ಇಂದಿಗೂ ಮೊದಲು ಬರುವುದು ಆ ಕಂಬಿಯೇ. “ಬಗ್ಗಬೇಡಿ, ಬಗ್ಗಬೇಡಿ” ಎಂದು ಕಿರುಚಿದೆ. ಬೆನ್ನನ್ನು ಗೋಡೆಗೆ ಕೊಟ್ಟು, ಅಕ್ಕನ ಕಂಕುಳಿಗೆ ಕೈ ಹಾಕಿ ಎಳೆದೆ. ಅಷ್ಟರಲ್ಲಿ ಅಂಗಡಿಯವರು ಕೆಳಗಿನಿಂದ ಒಬ್ಬೊಬ್ಬರನ್ನೇ ಹಿಂದಕ್ಕೆ ಬಿಡಿಸಿಕೊಂಡರು. ಯಾರೂ ಸಾಯಲಿಲ್ಲ. ನೀಲಿ ಹವಾಯಿಯವಳ ಮಣಿಕಟ್ಟು ಮುರಿದಿತ್ತು. ಷಟರ್ ಮತ್ತೆ ಇಳಿಯಿತು.

ಸಂಜೆಯ ಗಡುವು ಬರೀ ಗಾಳಿಸುದ್ದಿ ಎಂದು ಆಮೇಲೆ ತಿಳಿಯಿತು.

“ಸಾಕು ಬಿಡಿ ಅಕ್ಕ. ಡ್ರಾಪ್ಸ್ ನಾನೇ ತಂದುಕೊಡ್ತೀನಿ” ಅಂದೆ ಮನೆಗೆ ಬಂದ ಮೇಲೆ.

ಅವರು ಪೆಟ್ಟು ಬಿದ್ದ ಹಣೆಯ ಮೇಲಿನ ಐಸ್ ತೆಗೆದು ನನ್ನನ್ನೇ ನೋಡಿದರು. “ಈ ತಿಂಗಳು ತರ್ತೀರಿ. ಆಮೇಲೆ? ಅದು ನನ್ನ ಹೆಸರಿಗೆ ಬರೋ ದುಡ್ಡು ಕಣ್ರೀ. ನಾಳೆ ಹೋಗೇ ಹೋಗ್ತೀನಿ. ಬರ್ತೀರೋ, ಇಲ್ವೋ?”

ಮರುದಿನ ಷಟರ್ ತೆರೆಯುವ ಮೊದಲೇ ಹೋದೆವು. ನಾನು ಕೆಳಗಿನ ಮೆಟ್ಟಿಲಿಗೇ ಅಡ್ಡ ಕೂತುಬಿಟ್ಟೆ. ಒಬ್ಬಾಕೆ ನನ್ನನ್ನು ದಾಟಿ ಚಪ್ಪಲಿ ಬಿಡಲು ಬಂದರು.

“ಇಲ್ಲಿ ಬಿಡಂಗಿಲ್ಲ. ಕಾಲಲ್ಲೇ ಇರ್ಲಿ, ರೋಡಲ್ಲಿ ಸಾಲಾಗಿ ನಿಂತ್ಕೊಳ್ಳಿ.”

“ಹೇಳೋಕೆ ನೀವ್ಯಾರ್ರೀ? ಆಫೀಸರಾ?”

“ನಿನ್ನೆ ಇಲ್ಲೇ ಇದ್ದೆ.”

ಆಕೆ ವಾಲಿದ ಕಂಬಿಯನ್ನು ನೋಡಿದರು. ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಇಳಿದರು. ಉಳಿದವರು ಅವರ ಹಿಂದೆ ನಿಂತರು. ಮೇಲಿದ್ದವರು ಇಳಿದಷ್ಟೇ ಜನರನ್ನು ಹತ್ತಲು ಬಿಟ್ಟೆ. ಅಕ್ಕ ನನ್ನ ಭುಜ ಹಿಡಿದು ಮೇಲೆ ಹೋದರು, ಹೆಬ್ಬೆರಳನ್ನು ಸೆರಗಿಗೆ ಒರೆಸುತ್ತ ಇಳಿದು ಬಂದರು.

“ಹೆಬ್ಬೆಟ್ಟು ತಗೊಳ್ತು. ದುಡ್ಡು ಯಾವಾಗ ಅಂತ ಅವರಿಗೂ ಗೊತ್ತಿಲ್ವಂತೆ. ಬರದಿದ್ರೆ ಮತ್ತೆ ಬರೋಣ. ಏಳಿ, ಹೋಗೋಣ.”

ನಾನು ಏಳಲಿಲ್ಲ. ರಸ್ತೆಯಲ್ಲಿ ಇನ್ನೂ ಹೆಂಗಸರಿದ್ದರು. ಅಕ್ಕ ಪಕ್ಕದಲ್ಲೇ ಬಂದು ಕೂತರು.