ನೊರೆಯಕ್ಕನ ಸೀಸೆ

ಮೊಸರಿನ ಬ್ಯಾಕ್ಟೀರಿಯಾವನ್ನು ಪುಡಿ ಮಾಡಿ ಮಾರುವ ಕಾರ್ಖಾನೆಯಲ್ಲಿ ಅವಳು ಎಲ್ಲರಿಗೂ ನೊರೆಯಕ್ಕ. ಹಿಮಗಟ್ಟಿಸಿ ಒಣಗಿಸುವ ಮೊದಲು ಮೊಸರನ್ನು ನೊರೆಯೇಳುವಂತೆ ಕಡೆಯುವುದು ಅವಳ ಕೆಲಸ; ನೊರೆಯಾದರೆ ತೇವ ಬೇಗ ಹೊರಡುತ್ತದೆ, ಒಳಗಿನ ಜೀವಕ್ಕೆ ಪೆಟ್ಟು ಕಡಿಮೆ. ಯಂತ್ರ ತಿರುಗುವಾಗ ಯಾರಾದರೂ ಬಾಯಿಬಿಟ್ಟರೆ, "ನೊರೆ ಕೂತ್ಬಿಡತ್ತೆ, ಆಮೇಲೆ ಮಾತಾಡಿ" ಎಂದು ಗದರುತ್ತಾಳೆ. ಕಾಫಿ ಲೋಟವನ್ನು ಓರೆಮಾಡಿ ನೊರೆ ನೋಡದೆ ಕುಡಿದವಳಲ್ಲ; ಪಾತ್ರೆ ತೊಳೆಯುವ ಸೋಪಿಗೂ ಅಂಕ ಕೊಡುತ್ತಾಳೆ. ಹೊಸಬರು ಯಾರಾದರೂ ಈ ಒಣ ಪುಡಿಯಲ್ಲಿ ಜೀವ ಎಲ್ಲಿದೆ ಎಂದರೆ ಸಾಕು, ಅವಳ ಮುಖ ಅರಳುತ್ತದೆ. "ಸತ್ತಿಲ್ಲ ಕಣ್ರೀ, ಮಲಗಿವೆ. ಉಗುರುಬೆಚ್ಚಗಿನ ಹಾಲು ಕೊಡಿ, ಎದ್ದು ಕೂರ್ತವೆ." ಅವಳ ಮನೆಯ ಫ್ರೀಜರಿನಲ್ಲಿ, ಐಸ್ ಟ್ರೇ ಹಿಂದೆ, ಬೆರಳುದ್ದದ ಸೀಸೆಯೊಂದಿದೆ. ತೀರಿಕೊಳ್ಳುವ ಮುಂಚೆ ಅಮ್ಮ ಕೊನೆಯ ಸಲ ಹೆಪ್ಪು ಹಾಕಿದ್ದ ಮೊಸರನ್ನು ನೊರೆಯಕ್ಕ ತಾನೇ ಕಾರ್ಖಾನೆಯಲ್ಲಿ ನೊರೆಯೆಬ್ಬಿಸಿ ಒಣಗಿಸಿದ ಪುಡಿ ಅದು. ಅಮ್ಮನ ಮೊಸರಿನ ಆ ರುಚಿ ಮತ್ತೆ ಯಾರ ಕೈಯಲ್ಲೂ ಬರಲಿಲ್ಲ. ತಂಗಿ ಬಂದಾಗಲೆಲ್ಲ ಹಾಲು ಬೆಚ್ಚಗೆ ಮಾಡಿಟ್ಟು, "ಅಕ್ಕಾ, ಇವತ್ತು ಹೆಪ್ಪು ಹಾಕೋಣ್ವಾ?" ಎನ್ನುತ್ತಾಳೆ. ನೊರೆಯಕ್ಕ ಸೀಸೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾಳೆ, ಮತ್ತೆ ಅಲ್ಲೇ ಇಟ್ಟು ಬಾಗಿಲು ಹಾಕುತ್ತಾಳೆ. "ಮಲಗಿರ್ಲಿ ಬಿಡೇ. ಎಬ್ಬಿಸಿದಾಗ ಏಳದೇ ಹೋದ್ರೆ?"